ತಾಳಮದ್ದಲೆ ಎಡಿಟಿಂಗಿಗೆ ರೀಪರ್: ಟ್ಯಾಬ್ ಕೀ ಇಷ್ಟ, ಆಲ್ಟ್-ಪಿ ಕಷ್ಟ

ಶಿರಸಿ ಸುತ್ತಮುತ್ತ ನಡೆಯುವ ತಾಳಮದ್ದಲೆಗಳನ್ನು (ವೇಷ, ಕುಣಿತ ಇಲ್ಲದೆ ಕೂತೇ ಹಾಡು-ಮಾತಿನಲ್ಲಿ ನಡೆಸುವ ಯಕ್ಷಗಾನ) ರೆಕಾರ್ಡ್ ಮಾಡಿ, ಎಡಿಟ್ ಮಾಡಿ ಬಳಗದವರಿಗೆ ಕೊಡುವುದು ನನ್ನ ಹವ್ಯಾಸ. ಅದಕ್ಕೆ ವರ್ಷಗಳಿಂದ ರೀಪರ್ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. 60 ದಿನ ಪುಕ್ಕಟೆ ನೋಡಬಹುದು, ಆಮೇಲೆ ನನ್ನಂಥವರಿಗೆ 60 ಡಾಲರಿನ ಲೈಸೆನ್ಸ್. ಇದಕ್ಕಿಂತ ಜಾಸ್ತಿ ಖರ್ಚು ಮಾಡುವ ಮನಸ್ಸು ನನಗಿಲ್ಲ.

ನನಗೆ ಇದು ಹಿಡಿಸಿದ್ದೇ ಟ್ಯಾಬ್ ಕೀಯಿಂದ. ಮದ್ದಲೆಯ ಆಡಿಯೊ ಸೆಲೆಕ್ಟ್ ಮಾಡಿ ಟ್ಯಾಬ್ ಒತ್ತಿದರೆ ಕರ್ಸರ್ ಸೀದಾ ಮುಂದಿನ ಪೆಟ್ಟಿನ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲೇ ಎಸ್ ಒತ್ತಿದರೆ ಕಟ್. ಮೌಸ್ ಹಿಡಿದು, ಜೂಮ್ ಮಾಡಿ, ಪೆಟ್ಟು ಶುರುವಾಗಿದ್ದು ಎಲ್ಲಿ ಅಂತ ಹುಡುಕುವ ಕೆಲಸವೇ ಇಲ್ಲ. ರಾತ್ರಿ ಊಟ ಮುಗಿದು, ಮಳೆ ಒಂಚೂರು ಹೊಳವಾದಾಗ ಹೆಡ್‌ಫೋನ್ ಹಾಕಿ ಕೂರುತ್ತೇನೆ. ಕಣ್ಣು ಮುಚ್ಚಿಕೊಂಡೇ ಕೇಳುವುದು. ಯಾರದ್ದೋ ಕೆಮ್ಮು, ಕುರ್ಚಿ ಎಳೆದ ಸದ್ದು ಬಂತೋ, ಎಂ ಒತ್ತಿದರೆ ಅಲ್ಲೊಂದು ಗುರುತು ಬೀಳುತ್ತದೆ. ಪ್ರಸಂಗ ಓಡುತ್ತಲೇ ಇರುತ್ತದೆ. ಆ ಸುಖವೇ ಬೇರೆ.

ಆದರೆ ಆಲ್ಟ್-ಪಿ ಕಂಡರೆ ಮಾತ್ರ ಸಿಟ್ಟು ಬರುತ್ತದೆ. ಒಂದು ತುಂಡು ತೆಗೆದರೆ ಆಮೇಲಿನದೆಲ್ಲ ಸರಿದು ಬಂದು ಜಾಗ ತುಂಬುವ ರಿಪಲ್ ಎಡಿಟಿಂಗ್ ಇದೆ ಅಲ್ವಾ, ಅದರ ಕೀ ಇದು. ಒತ್ತಿದಂತೆಲ್ಲ ಸುತ್ತುತ್ತದೆ: ಆಫ್, ಬರೀ ಆ ಟ್ರ್ಯಾಕ್ (ಒಂದೊಂದು ಮೈಕಿನ ರೆಕಾರ್ಡಿಂಗ್ ಒಂದೊಂದು ಟ್ರ್ಯಾಕ್), ಎಲ್ಲ ಟ್ರ್ಯಾಕ್. ಈಗ ಯಾವುದರಲ್ಲಿದೆ ಅಂತ ಹೇಳಲು ಮೇಲೆ ಪುಟ್ಟ ಐಕಾನ್ ಒಂದೇ. ಕೀಬೋರ್ಡಿನಲ್ಲೇ ಕೆಲಸ ಮಾಡುವವರು ಅದನ್ನು ಯಾಕೆ ನೋಡುತ್ತಾರೆ? ಬರೀ ಆ ಟ್ರ್ಯಾಕ್‌ನಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಕೆಮ್ಮು ತೆಗೆದರೆ ಅವರ ಮಾತಷ್ಟೇ ಸರಿಯುತ್ತದೆ, ಹಾಡುವ ಭಾಗವತರ ಮೈಕಿನದ್ದು ಇದ್ದಲ್ಲೇ ಇರುತ್ತದೆ. ಎಲ್ಲರೂ ಒತ್ತೊತ್ತಾಗಿ ಕೂತಿರುವುದರಿಂದ ಅರ್ಥಧಾರಿಯ ದನಿ ಆ ಮೈಕಿಗೂ ಸಿಕ್ಕಿರುತ್ತದೆ. ಅಲ್ಲಿಂದ ಮುಂದೆ ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತದೆ. ಕರ್ಣನ ಮಾತಿಗೆ ಕರ್ಣನೇ ಉತ್ತರ ಕೊಟ್ಟಂತೆ!

ಇದಕ್ಕೆ ಮದ್ದೂ ರೀಪರ್‌ನಲ್ಲೇ ಇದೆ ಅಂತ ಗೊತ್ತಾದ ಮೇಲೆ ಸಿಟ್ಟು ಇಳಿಯಿತು. ಪ್ರಶ್ನೆ ಚಿಹ್ನೆಯ ಕೀ ಒತ್ತಿದರೆ ಆಕ್ಷನ್ ಪಟ್ಟಿ, ಅಂದರೆ ರೀಪರ್ ಮಾಡುವ ಕೆಲಸಗಳ ಪಟ್ಟಿ, ತೆರೆಯುತ್ತದೆ. ಅಲ್ಲಿ ರಿಪಲ್ ಅಂತ ಹುಡುಕಿದರೆ ಮೂರಕ್ಕೂ ಬೇರೆ ಬೇರೆ ಆಕ್ಷನ್ ಸಿಗುತ್ತವೆ. ಎಲ್ಲ ಟ್ರ್ಯಾಕ್‌ಗೆ ಎಫ್7, ಆಫ್ ಮಾಡಲು ಎಫ್8 ಕೊಟ್ಟೆ. ಆಲ್ಟ್-ಪಿಯನ್ನು ತೆಗೆದೇ ಹಾಕಿದೆ.

ಮಾತಿನ ನಡುವೆ ಕಲಾವಿದರು ಬೇಕೆಂದೇ ಬಿಡುವ ಮೌನಕ್ಕೆ ಮಾತ್ರ ಯಾವ ಕೀಯನ್ನೂ ಒತ್ತಬೇಡಿ. ಎದುರಾಳಿಗೆ ಪ್ರಶ್ನೆ ನಾಟುವುದು ಅಲ್ಲೇ.

ಕೀ ಜೋಡಣೆಯನ್ನು ಫೈಲ್ ಮಾಡಿ ಉಳಿಸಿಕೊಳ್ಳಬಹುದು. ನನ್ನದು ಪೆನ್‌ಡ್ರೈವಿನಲ್ಲಿದೆ, ತಾಳಮದ್ದಲೆ ಎಡಿಟ್ ಮಾಡುವವರು ಕೇಳಿದರೆ ಖಂಡಿತ ಕೊಡುತ್ತೇನೆ.