ಅಗ್ಗಕ್ಕೆ 'ಡ್ರ್ಯಾಗನ್ಸ್ ಡಾಗ್ಮಾ 2' ಕೊಡ್ತೇವೆ ಅನ್ನೋರಿಗೆ ದುಡ್ಡು ಕಳಿಸಬೇಡಿ

ಇನ್‌ಸ್ಟಾಗ್ರಾಮ್‌ನಲ್ಲೋ ವಾಟ್ಸಾಪ್‌ನಲ್ಲೋ "ಡ್ರ್ಯಾಗನ್ಸ್ ಡಾಗ್ಮಾ 2, ಒರಿಜಿನಲ್, ₹600 ಮಾತ್ರ, ಆಫ್‌ಲೈನ್ ಆಕ್ಟಿವೇಶನ್" ಅಂತ ಈ ಕಂಪ್ಯೂಟರ್ ಆಟ ಮಾರುವ ಮೆಸೇಜ್ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಗುರುತಿನವರ ಅಕೌಂಟಿನಿಂದ ಬಂದಿದ್ದರೂ ಅಷ್ಟೇ. ನನಗೆ ಬಂದದ್ದು ಚಿಕ್ಕಪ್ಪನ ಮಗನ ಅಕೌಂಟಿನಿಂದ. ಅವನು ಅದನ್ನು ಕಳಿಸಿಯೇ ಇರಲಿಲ್ಲ.

ಅವನಿರುವುದು ಶಿರಸಿ ಕಡೆ ನಮ್ಮ ಮೂಲಮನೆಯಲ್ಲಿ, ಡಿಪ್ಲೊಮಾ ಓದುತ್ತಿದ್ದಾನೆ. ನಾನು ಕೆಲಸದ ಮೇಲೆ ಕಾರವಾರದಲ್ಲಿದ್ದೇನೆ. ಆ ಮೆಸೇಜ್ ನನಗೊಬ್ಬನಿಗೇ ಅಲ್ಲ, ಅವನ ಕಾಲೇಜಿನ ಮೇಷ್ಟ್ರಿಗೂ ಹೋಗಿತ್ತು, ಯಲ್ಲಾಪುರದ ಅತ್ತೆಗೂ ಹೋಗಿತ್ತು. ಅತ್ತೆ ನನಗೆ ಫೋನ್ ಮಾಡಿ, "ಮಾಣಿ ಎಂತದೋ ಒರಿಜಿನಲ್ ಅಡ, ಆರ್ನೂರು ರೂಪಾಯಿ ಅಡ. ಜೇನುತುಪ್ಪ ಮಾರಲೆ ಶುರು ಮಾಡಿದ್ನ?" ಅಂತ ಕೇಳಿದರು. ಆಗ ನಗು ಬಂತು. ತಮ್ಮನಿಗೆ ಫೋನ್ ಹಚ್ಚಿದ ಮೇಲೆ ನಗು ಉಳಿಯಲಿಲ್ಲ. ಅವನ ಇನ್‌ಸ್ಟಾಗ್ರಾಮ್ ಅವನ ಕೈಯಲ್ಲಿರಲಿಲ್ಲ, ಮೇಲ್ ಕೂಡ ಇರಲಿಲ್ಲ. ಇದೆಲ್ಲ ಶುರುವಾದದ್ದು ಅದೇ ಆಟವನ್ನು ಅದೇ ₹600ಕ್ಕೆ ಅವನು ಕೊಂಡಲ್ಲಿಂದ.

ಇಂಥ ಮೋಸ ಹೊಸದಲ್ಲ, ಗೊತ್ತು. ಆದರೂ ಕೂತು ಬರೆಯುತ್ತಿರುವುದಕ್ಕೆ ಕಾರಣ ಆ ಮಾರಾಟಗಾರನ ಮಾತಿನ ವರಸೆ. ಅವನು ಆಟವನ್ನು ಹೊಗಳಿ ಮಾರಲಿಲ್ಲ, ಬೈದು ಮಾರಿದ. ಆಟಗಾರರು ನಿಜವಾಗಿ ಮಾಡಿದ ದೂರುಗಳನ್ನೇ ಒಂದೊಂದಾಗಿ ಎತ್ತಿಕೊಂಡು, "ಇಂಥಾ ಆಟಕ್ಕೆ ಪೂರ್ತಿ ದುಡ್ಡು ಯಾಕೆ ಕೊಡ್ತೀರಿ ಬ್ರೋ" ಅಂದ. ನಾಲ್ಕು ಕಡೆ ಅಭಿಪ್ರಾಯ ಓದಿಕೊಂಡೇ ಕೊಳ್ಳುವ ಹುಡುಗರಿಗೆ ಬೀಸಿದ ಬಲೆ ಇದು. ಅಂಥವರೇ ಇದನ್ನು ಓದಬೇಕು.

ಆಟದ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೊದಲನೆಯ 'ಡ್ರ್ಯಾಗನ್ಸ್ ಡಾಗ್ಮಾ' ಬಂದದ್ದು 2012ರಲ್ಲಿ, ಕ್ಯಾಪ್‌ಕಾಮ್ ಕಂಪನಿಯಿಂದ. ಅಷ್ಟೇನೂ ದೊಡ್ಡ ಹೆಸರು ಮಾಡದಿದ್ದರೂ ಅದನ್ನು ಹಚ್ಚಿಕೊಂಡವರು ಬಿಡಲಿಲ್ಲ. ಎರಡನೆಯದಕ್ಕೆ ಹನ್ನೆರಡು ವರ್ಷ ಕಾದರು. ಅದು ಬಿಡುಗಡೆಯಾದದ್ದು 2024ರ ಮಾರ್ಚ್ 22ಕ್ಕೆ. ಶಿರಸಿಯಲ್ಲಿ ಆ ವಾರ ಜಾತ್ರೆ, ಮಾರಿಕಾಂಬೆ ಬಿಡಕಿಬೈಲಿನ ಗದ್ದುಗೆಯ ಮೇಲಿದ್ದಳು. ನಮ್ಮ ಹುಡುಗ ಜಾತ್ರೆ ಗದ್ದಲದಲ್ಲಿ ನೆಟ್‌ವರ್ಕ್ ಸಿಕ್ಕಲ್ಲಿ ನಿಂತು ಫೋನಿನಲ್ಲಿ ಆಟದ ವಿಡಿಯೋ ನೋಡುತ್ತಿದ್ದದ್ದು ನನಗೆ ನೆನಪಿದೆ. ಅಷ್ಟು ಹಿಂದಿನ ಆಸೆ ಅದು.

ಬಿಡುಗಡೆಯ ದಿನವೇ ಜನ ಎರಡು ಪಾಲಾದರು. ವಿಮರ್ಶಕರು ಹೊಗಳಿದ್ದರು. ಕಂಪ್ಯೂಟರ್ ಆಟ ಮಾರುವ ತಾಣವಾದ ಸ್ಟೀಮ್‌ನಲ್ಲಿ ಮಾತ್ರ ಆಟಗಾರರು ಸಿಟ್ಟಾಗಿ, ಅಭಿಪ್ರಾಯದ ಪಟ್ಟಿ ಮೊದಲ ದಿನವೇ 'ಬಹುಪಾಲು ನಕಾರಾತ್ಮಕ'ಕ್ಕೆ ಇಳಿಯಿತು. ತಮಾಷೆಯೆಂದರೆ ಅದೇ ವಾರಾಂತ್ಯದಲ್ಲಿ ಸ್ಟೀಮ್ ಒಂದರಲ್ಲೇ ಒಂದೇ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಅದನ್ನು ಆಡುತ್ತಿದ್ದರು. ಬೈಯುತ್ತಲೇ ಆಡಿದರು.

ಮೊದಲ ದೂರು ದುಡ್ಡಿನದ್ದು. ಅಮೆರಿಕದಲ್ಲಿ 70 ಡಾಲರ್ ಕೊಟ್ಟು ಕೊಂಡ ಆಟದೊಳಗೆ ಮತ್ತೆ ದುಡ್ಡು ಕೊಟ್ಟು ಕೊಳ್ಳುವ ಚಿಲ್ಲರೆ ಸಾಮಾನಿನ ಪಟ್ಟಿಯನ್ನು ಬಿಡುಗಡೆಯ ದಿನವೇ ನೇತುಹಾಕಿದ್ದರು. ಪಾತ್ರದ ಮುಖ ಬದಲಾಯಿಸುವ ಪುಸ್ತಕ, ಸತ್ತಾಗ ಎಬ್ಬಿಸುವ ಕಲ್ಲು, ದೂರದ ಜಾಗಕ್ಕೆ ನೆಗೆಯಲು ಗುರುತು ನೆಡುವ ಪೋರ್ಟ್‌ಕ್ರಿಸ್ಟಲ್. "ಬೇಗ ಓಡಾಡಬೇಕಾದರೂ ದುಡ್ಡು ಕೀಳ್ತಾರೆ" ಅಂತ ಸುದ್ದಿ ಹಬ್ಬಿತು. ಅರ್ಧ ಸತ್ಯ. ಆ ಸಾಮಾನೆಲ್ಲ ಆಡುತ್ತ ಹೋದರೆ ಪುಕ್ಕಟೆ ಸಿಗುವಂಥವೇ. ಪೋರ್ಟ್‌ಕ್ರಿಸ್ಟಲ್ ದುಡ್ಡಿಗೆ ಸಿಗುವುದು ಒಂದೇ ಒಂದು, ಅದರ ಹತ್ತಿರ ಹೋಗಲು ಬೇಕಾದ ಫೆರ್ರಿಸ್ಟೋನ್ ದುಡ್ಡಿಗೆ ಸಿಗುವುದೇ ಇಲ್ಲ. ನನ್ನ ಮಟ್ಟಿಗೆ ಸಾಮಾನಿನ ಬೆಲೆಗಿಂತ ಅದನ್ನು ಇಟ್ಟ ರೀತಿ ಅಸಹ್ಯ. ಆದರೂ ಆಟ ಮುಗಿಸಲು ಮತ್ತೆ ಪೈಸೆ ಬಿಚ್ಚಬೇಕು ಅನ್ನುವುದು ಸುಳ್ಳು.

ಓಡಾಟ ನಿಧಾನ ಇರುವುದು ಬೇಕೆಂತಲೇ. ಪ್ರಯಾಣ ಬೇಸರ ತರಿಸಿದರೆ ಅದು ಆಟವೇ ಬೇಸರದ್ದು ಅನ್ನುವ ಅರ್ಥದ ಮಾತನ್ನು ನಿರ್ದೇಶಕ ಹಿಡೆಯಾಕಿ ಇತ್ಸುನೊ ಬಿಡುಗಡೆಗೆ ಮೊದಲೇ ಹೇಳಿದ್ದರು. ಒಂದೂರಿಂದ ಇನ್ನೊಂದೂರಿಗೆ ಎತ್ತಿನ ಗಾಡಿ ಇದೆ. ಹತ್ತಿ ಕೂತು ನಿದ್ದೆ ಹೋದರೆ ಅರ್ಧ ದಾರಿಯಲ್ಲಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಗುಂಪು ಮೇಲೆ ಬೀಳುತ್ತದೆ, ಕೆಲವೊಮ್ಮೆ ಗ್ರಿಫಿನ್ ಎಂಬ ರೆಕ್ಕೆಯ ಮೃಗ ಬಂದು ಗಾಡಿಯನ್ನೇ ಪುಡಿ ಮಾಡುತ್ತದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವ ನಮಗೆ ಇದೇನು ಹೊಸದಲ್ಲ ಬಿಡಿ.

ಎರಡನೆಯ ದೂರು ಈ ಆಟವನ್ನು ಕಂಪ್ಯೂಟರ್ ಎಳೆಯದೆ ಇರುವುದು. ಇದು ಪೂರ್ತಿ ಸತ್ಯ. ಕಾಡುಮೇಡಿನಲ್ಲಿ ಸಲೀಸಾಗಿ ಓಡುವ ಆಟ ವರ್ನ್‌ವರ್ತ್ ಎಂಬ ದೊಡ್ಡ ಪಟ್ಟಣಕ್ಕೆ ಕಾಲಿಟ್ಟ ಕೂಡಲೇ ಮುಗ್ಗರಿಸುತ್ತಿತ್ತು. ಪೇಟೆಯಲ್ಲಿ ಓಡಾಡುವ ಒಬ್ಬೊಬ್ಬರ ಲೆಕ್ಕವನ್ನೂ ಪ್ರೊಸೆಸರ್ ಇಡಬೇಕು, ಭಾರ ಬೀಳುವುದು ಅಲ್ಲಿ. ಗ್ರಾಫಿಕ್ಸ್ ಎಷ್ಟೇ ಇಳಿಸಿದರೂ ಉಪಯೋಗ ಅಷ್ಟಕ್ಕಷ್ಟೇ. ಪೇಟೆಯ ಜನರನ್ನು ಕೊಂದರೆ ಆಟ ಹಗುರಾಗುತ್ತದಾ ಅಂತ ಪರೀಕ್ಷೆ ಮಾಡಿದ ಪುಣ್ಯಾತ್ಮರೂ ಇದ್ದಾರೆ! ಆಮೇಲಿನ ಅಪ್‌ಡೇಟ್‌ಗಳಲ್ಲಿ, ಮುಖ್ಯವಾಗಿ 2024ರ ಸೆಪ್ಟೆಂಬರಿನದರಲ್ಲಿ, ಇದು ಸುಧಾರಿಸಿತು. ಕಡಿಮೆಯಲ್ಲಿ ಕಡಿಮೆ ಅಂತ ಕಂಪನಿ ಕೇಳುವುದೇ 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1070 ಗ್ರಾಫಿಕ್ಸ್ ಕಾರ್ಡ್. ನಮ್ಮ ಕಡೆ ಹುಡುಗರ ಹತ್ತಿರ ಇರುವುದು ಬಹುಪಾಲು 8 ಜಿಬಿಯ ಲ್ಯಾಪ್‌ಟಾಪ್, ಅದಕ್ಕಿಂತ ಕೆಳಗಿನ ಜಿಟಿಎಕ್ಸ್ 1650. ತಮ್ಮನದ್ದೂ ಅದೇ. ಮಾರಾಟಗಾರ ಯಾವ ಲ್ಯಾಪ್‌ಟಾಪ್ ಅಂತ ಕೇಳಲೂ ಇಲ್ಲ. "ನಮ್ಮದು ಫಿಕ್ಸ್ ಆದ ವರ್ಶನ್, ಎಲ್ಲದರಲ್ಲೂ ಓಡುತ್ತೆ" ಅಂದ. ಕಂಪನಿಗೇ ತಿಂಗಳುಗಟ್ಟಲೆ ಹಿಡಿದ ಕೆಲಸವನ್ನು ಇವನೆಲ್ಲಿ ಕೂತು ಮಾಡಿದ್ದನೋ.

ಮೂರನೆಯದು ಸೇವ್, ಅಂದರೆ ಆಡಿದಷ್ಟನ್ನು ಉಳಿಸಿಡುವ ಫೈಲ್. ನಮ್ಮವನಿಗೆ ಹೊಡೆತ ಬಿದ್ದದ್ದು ಇಲ್ಲಿ. ಈ ಆಟದಲ್ಲಿ ಒಬ್ಬರಿಗೆ ಒಂದೇ ಪಾತ್ರ, ಒಂದೇ ಸೇವ್. ಬಿಡುಗಡೆಯಾದಾಗ 'ಹೊಸ ಆಟ' ಅನ್ನುವ ಆಯ್ಕೆಯೇ ಮೆನುವಿನಲ್ಲಿ ಇರಲಿಲ್ಲ. ಜನ ಗಲಾಟೆ ಎಬ್ಬಿಸಿದ ಮೇಲೆ ಸೇರಿಸಿದರು. ಆದರೂ ಜಾಗ ಒಂದೇ, ಹೊಸ ಆಟ ಶುರು ಮಾಡಿದರೆ ಹಳೆಯದು ಹೋಯಿತು.

ಈಗ ಆಫ್‌ಲೈನ್ ಆಕ್ಟಿವೇಶನ್ ಅಂದರೆ ಏನು ಅಂತ ನೋಡಿ. ಮಾರಾಟಗಾರ ಒಂದು ಸ್ಟೀಮ್ ಅಕೌಂಟಿನಲ್ಲಿ ಆಟವನ್ನು ಒಂದು ಸಲ ಕೊಳ್ಳುತ್ತಾನೆ. ಅದೇ ಐಡಿ, ಅದೇ ಪಾಸ್‌ವರ್ಡನ್ನು ಹತ್ತಾರು ಜನಕ್ಕೆ ಮಾರುತ್ತಾನೆ. ಲಾಗಿನ್ ಆಗಿ, ಡೌನ್‌ಲೋಡ್ ಮಾಡಿ, ಆಮೇಲೆ ಆಫ್‌ಲೈನ್ ಇಟ್ಟು ಆಡಿ ಅನ್ನುತ್ತಾನೆ. ಅಕೌಂಟ್ ಮಾರುವುದಕ್ಕೆ ಸ್ಟೀಮ್ ಒಪ್ಪಂದದಲ್ಲಿ ಅವಕಾಶವೇ ಇಲ್ಲ, ಸಿಕ್ಕಿಬಿದ್ದರೆ ಅಕೌಂಟ್ ಹೋಗಲೂಬಹುದು. ಅದು ಅವನ ಪಾಡು ಅಂದುಕೊಳ್ಳಿ. ಆಟವಂತೂ ನಿಮ್ಮದಾಗುವುದಿಲ್ಲ.

ಅದರ ಮೇಲೆ ಈ ಆಟಕ್ಕೆ ನಕಲು ತಡೆಯುವ ಡೆನುವೊ ಎಂಬ ಬೀಗ ಇದೆ. ಒಂದು ದಿನದಲ್ಲಿ ಐದು ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಮಾತ್ರ ಅದು ಬಾಗಿಲು ತೆಗೆಯುತ್ತದೆ. ಒಂದೇ ಅಕೌಂಟಿನ ಹಿಂದೆ ಅಷ್ಟು ಜನ ಸಾಲು ನಿಂತಾಗ ಎಲ್ಲರಿಗೂ ಸಿಗುವುದಾದರೂ ಹೇಗೆ? ತಮ್ಮನಿಗೆ ಕೆಲವು ದಿನ ಆಟ ನಡೆಯಿತು. ಗೆಳೆಯರೊಬ್ಬರ ಮನೆಯ ಗಟ್ಟಿ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಮಳೆಗೆ ಕರೆಂಟು ಹೋಗಿ ಬಂದು ಮಾಡುವ ನಡುವೆಯೇ ಸುಮಾರು ದೂರ ಹೋಗಿದ್ದ. ವಿಂಡೋಸ್ ಅಪ್‌ಡೇಟ್ ಆದಮೇಲೆ ಬೀಗ ಮತ್ತೆ ಬಿತ್ತು. ಮಾರಾಟಗಾರನನ್ನು ಕೇಳಿದರೆ, "ಟೆನ್ಶನ್ ಬೇಡ, ನಾನೇ ಸರಿ ಮಾಡಿ ಕೊಡ್ತೇನೆ" ಅಂತ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿದ. ಒಳಗೆ ಬಂದು ಅಕೌಂಟನ್ನು ಆನ್‌ಲೈನ್ ಮಾಡಿದ. ಇಲ್ಲಿರುವ ಸೇವ್ ಇಟ್ಟುಕೊಳ್ಳಲಾ, ನೆಟ್‌ನಲ್ಲಿ ಅಕೌಂಟಿಗೆ ಸೇರಿ ಉಳಿದಿರುವ ಕ್ಲೌಡಿನದ್ದನ್ನು ತರಲಾ ಅಂತ ಸ್ಟೀಮ್ ಕೇಳಿದಾಗ ಇವನನ್ನು ಒಂದು ಮಾತೂ ಕೇಳದೆ ಕ್ಲೌಡ್ ಒತ್ತಿದ. ಕ್ಲೌಡಿನಲ್ಲಿ ಇದ್ದದ್ದು ಅದೇ ಅಕೌಂಟ್ ಕೊಂಡ ಬೇರೆ ಯಾರದ್ದೋ ಆಟ.

"ಅಣ್ಣಾ, ಇದು ಯಂದಲ್ದ. ಬೇರೆ ಯಾರದ್ದೋ ಇದ್ದು" ಅಂತ ಅವನು ನನಗೆ ಫೋಟೋ ಕಳಿಸಿದ್ದ. ಪರದೆಯ ಮೇಲೆ ಯಾರೋ ಬೋಳುತಲೆಯ ದೈತ್ಯ ಚಡ್ಡಿಯಲ್ಲಿ ನಿಂತಿದ್ದ.

ಈ ಆಟದಲ್ಲಿ ಸೇವ್ ಹೋಗುವುದು ಬೇರೆ ಆಟಗಳಲ್ಲಿ ಹೋದಂತಲ್ಲ. ನಿಮ್ಮ ಜೊತೆ ಪಾನ್ ಎಂಬ ಜೊತೆಗಾರ ಇರುತ್ತಾನೆ, ಅವನ ಮುಖ, ಕಸುಬು, ಸ್ವಭಾವ ಎಲ್ಲ ನೀವೇ ರೂಪಿಸಿದ್ದು. ಅವನು ಬೇರೆ ಆಟಗಾರರ ಲೋಕಕ್ಕೆ ಕೆಲಸಕ್ಕೆ ಹೋಗಿ, ಅಲ್ಲಿ ಕಂಡದ್ದನ್ನು ಕಲಿತು ಬಂದು ನಿಮಗೆ ದಾರಿ ತೋರಿಸುತ್ತಾನೆ. ಇಷ್ಟು ಬೈಗುಳ ತಿಂದರೂ ಜನ ಈ ಆಟವನ್ನು ಬಿಡದೆ ಇರುವುದಕ್ಕೆ ಇದೂ ಒಂದು ಕಾರಣ. ಆಫ್‌ಲೈನ್ ಆಡಿದವರಿಗೆ ಆ ಭಾಗ್ಯವೇ ಇಲ್ಲ, ಪಾನ್ ಎಲ್ಲಿಗೂ ಹೋಗುವುದಿಲ್ಲ. ₹600ಕ್ಕೆ ಕೊಂಡದ್ದು ಜೀವವೇ ಇಲ್ಲದ ಆಟ ಅಂತ ನಾನು ಹೇಳುವುದು ಅದಕ್ಕೇ. (ಅದೇ ಪಾನ್‌ಗೆ ಡ್ರ್ಯಾಗನ್ಸ್‌ಪ್ಲೇಗ್ ಎಂಬ ರೋಗ ಹತ್ತಿ, ಕಣ್ಣು ಕೆಂಪಾಗಿ, ಮಾತು ಕೇಳದೆ, ನೀವು ಛತ್ರದಲ್ಲಿ ಮಲಗಿದ ರಾತ್ರಿ ಊರಿನ ಜನರನ್ನೆಲ್ಲ ಕೊಂದುಹಾಕುವುದೂ ಉಂಟು. ಇದರ ಬಗ್ಗೆಯೂ ಆಟಗಾರರು ಎರಡು ಪಾಲು. ನನಗೆ ಇಷ್ಟವಾಯಿತು.)

ಸೇವ್ ಹೋದರೆ ಹೋಗಲಿ ಅನ್ನಬಹುದಿತ್ತು. ಆಟ ಮತ್ತೆ ಕೈಕೊಟ್ಟಾಗ ಮಾರಾಟಗಾರ ತಮ್ಮನ ಸ್ವಂತ ಲ್ಯಾಪ್‌ಟಾಪಿಗೂ ಅದೇ ಆ್ಯಪ್ ಹಾಕಿಸಿ ಒಳಗೆ ಬಂದ. ಆ್ಯಂಟಿವೈರಸ್ ಬಂದ್ ಮಾಡಿ 'ಫಿಕ್ಸ್' ಅಂತ ಒಂದು ಫೈಲ್ ಓಡಿಸಿದ. ಕ್ರೋಮ್‌ನಲ್ಲಿ ನೆನಪಿಟ್ಟ ಪಾಸ್‌ವರ್ಡ್‌ಗಳು, ಲಾಗಿನ್ ಆಗಿಯೇ ಇದ್ದ ಮೇಲ್, ಇನ್‌ಸ್ಟಾಗ್ರಾಮ್ ಎಲ್ಲವೂ ಆಮೇಲೆ ಹೋದದ್ದು. ಓಟಿಪಿ ಇದೆಯಲ್ಲ, ಏನಾಗುತ್ತೆ ಅಂತ ಧೈರ್ಯ ಮಾಡುವವರು ಕೇಳಿ. ಲಾಗಿನ್ ಆಗಿರುವ ಬ್ರೌಸರಿನ ಗುರುತನ್ನೇ ಕದ್ದು ಒಯ್ದರೆ ಓಟಿಪಿ ಕೇಳುವ ಪ್ರಸಂಗವೇ ಬರುವುದಿಲ್ಲ. ಮತ್ತೆ ಅವನ ಹೆಸರಿನಲ್ಲೇ ಊರಿಗೆಲ್ಲ ಜಾಹೀರಾತು ಹೋಯಿತು. ಸಹಪಾಠಿಗಳಲ್ಲಿ ಕೆಲವರು ಅವನೇ ಮಾರುತ್ತಿದ್ದಾನೆ ಅಂದುಕೊಂಡು ದುಡ್ಡನ್ನೂ ಹಾಕಿದ್ದಾರೆ. ಹುಡುಗ ಕಾಲೇಜಿಗೆ ಹೋಗಲು ನಾಚಿಕೊಂಡ.

ಇಂಥದ್ದು ಆಗಿಹೋಗಿದ್ದರೆ ಮೊದಲು ಆ ಲ್ಯಾಪ್‌ಟಾಪನ್ನು ನೆಟ್‌ನಿಂದ ಬಿಡಿಸಿ. ಪಾಸ್‌ವರ್ಡ್ ಬದಲಾಯಿಸುವುದು ಬೇರೆ ಫೋನಿನಿಂದ ಮಾಡಿ, ಮೇಲ್‌ನದ್ದು ಎಲ್ಲಕ್ಕಿಂತ ಮುಂಚೆ, ಜೊತೆಗೆ ಎಲ್ಲ ಸಾಧನಗಳಿಂದ ಲಾಗ್‌ಔಟ್ ಕೊಡಿ. ಅದೇ ಲ್ಯಾಪ್‌ಟಾಪಿನಲ್ಲಿ ಕೂತು ಬದಲಾಯಿಸಿದರೆ ಹೊಸ ಪಾಸ್‌ವರ್ಡ್ ಕೂಡ ಅವನ ಕೈಗೇ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸಿಕೊಳ್ಳಿ. ದೂರಿಗೆ 1930, ಅಥವಾ cybercrime.gov.in. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಕಾರವಾರದಲ್ಲಿದೆ, ನಾವು ಹೋದದ್ದೂ ಅಲ್ಲಿಗೇ. ಯುಪಿಐ ವ್ಯವಹಾರದ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಂಡಿರಿ. ಆರುನೂರು ರೂಪಾಯಿಗೆ ಯಾರು ಅಲೆಯುತ್ತಾರೆ ಅಂತ ಬಿಡಬೇಡಿ. ಹೋದದ್ದು ಆರುನೂರು ಅಷ್ಟೇ ಅಲ್ಲವಲ್ಲ.

ಇನ್ನು ಆಟ ಬೇಕೇ ಬೇಕು ಅನ್ನುವವರಿಗೆ. ಸ್ಟೀಮ್‌ನಲ್ಲಿ ನಿಮ್ಮದೇ ಅಕೌಂಟಿನಲ್ಲಿ ಕೊಂಡರೆ 14 ದಿನದೊಳಗೆ, ಆಡಿದ್ದು 2 ಗಂಟೆ ದಾಟದಿದ್ದರೆ ದುಡ್ಡು ವಾಪಸ್ ಕೇಳಬಹುದು. ಅಭಿಪ್ರಾಯಗಳನ್ನು ಓದಿ ಅನುಮಾನ ಬಂದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಈ ಆಟದಲ್ಲಿ ಮುಖ ತಿದ್ದುತ್ತ ಕೂತರೇ ಗಂಟೆ ಕಳೆಯುತ್ತದೆ. ಅದಕ್ಕೆಂದೇ ಬಿಡುಗಡೆಗೆ ಮುಂಚೆ ಮಾರ್ಚ್ 8ರಂದು ಪಾತ್ರ ರೂಪಿಸುವ ಭಾಗವನ್ನಷ್ಟೇ ಉಚಿತವಾಗಿ ಬಿಟ್ಟಿದ್ದರು. ಮುಖದ ಚಂದ ಆಮೇಲೆ ನೋಡಿಕೊಳ್ಳಿ, ಸೀದಾ ವರ್ನ್‌ವರ್ತ್ ಕಡೆ ಹೊರಡಿ. ಶುರುವಿನ ಕಾಡುದಾರಿಯಲ್ಲಿ ಚೆನ್ನಾಗಿ ಓಡಿತು ಅಂತ ಸಮಾಧಾನ ಪಡಬೇಡಿ, ಲ್ಯಾಪ್‌ಟಾಪ್ ಏದುಸಿರು ಬಿಡುವುದು ಪೇಟೆಯಲ್ಲೇ. ಅಭಿಪ್ರಾಯ ಓದುವಾಗ ತಾರೀಖು ನೋಡಿ. 2024ರ ಮಾರ್ಚ್‌ನ ಸಿಟ್ಟೇ ಬೇರೆ, ಆ ಸೆಪ್ಟೆಂಬರ್ ಆದಮೇಲೆ ಬರೆದದ್ದೇ ಬೇರೆ.

8 ಜಿಬಿ ಲ್ಯಾಪ್‌ಟಾಪಿನವರು ಮೊದಲನೆಯ ಆಟದ 'ಡಾರ್ಕ್ ಅರೈಸನ್' ಆವೃತ್ತಿ ನೋಡಿ. ಕಂಪ್ಯೂಟರಿಗೆ 2016ರಲ್ಲಿ ಬಂದದ್ದು, ಹಗುರ, ಸೇಲ್ ಬಂದಾಗ ತೀರಾ ಅಗ್ಗಕ್ಕೆ ಸಿಗುತ್ತದೆ. ತಮ್ಮ ಈಗ ಅದನ್ನು ಆಡುತ್ತಿದ್ದಾನೆ, ಅವನದೇ ಅಕೌಂಟಿನಲ್ಲಿ. ದೂರು ಕೊಟ್ಟಾಗಿದೆ, ದುಡ್ಡು ಬಂದಿಲ್ಲ, ಇನ್‌ಸ್ಟಾಗ್ರಾಮ್ ವಾಪಸ್ ಸಿಕ್ಕಿದೆ. ಆ ಮಾರಾಟಗಾರನ ಪೇಜು ಹೆಸರು ಬದಲಾಯಿಸಿಕೊಂಡು ಇನ್ನೂ ನಡೆಯುತ್ತಿದೆ, ಈಗ ಬೇರೊಂದು ಆಟದ ಚಿತ್ರ ಹಾಕಿಕೊಂಡಿದೆ. ನಿಮ್ಮ ಮನೆಯ ಹುಡುಗರು ಯಾರಾದರೂ ಇಂಥವರಿಗೆ ದುಡ್ಡು ಹಾಕಿದ್ದರೆ ಅವರ ಲ್ಯಾಪ್‌ಟಾಪನ್ನು ಇವತ್ತೇ ನೋಡಿ, ನಾಳೆಗೆ ಇಡಬೇಡಿ.