ಬೈಕಲಿನ್ ಪುಡಿ: ಖಾಲಿ ಕುಳಿಯಲ್ಲೂ ನೇರಳೆ ಬಣ್ಣ

ನಾನು ಪಶುವೈದ್ಯ. ವುಹಾನ್‌ನ ಒಂದು ಪ್ರಯೋಗಾಲಯದಲ್ಲಿ ಹಂದಿಗಳ ಪಿಆರ್‌ಆರ್‌ಎಸ್ ವೈರಾಣುವಿನ ಮೇಲೆ ಕೆಲಸ ಮಾಡುತ್ತೇನೆ. ಗಬ್ಬದ ಹಂದಿ ಕಂದು ಹಾಕುವುದು, ಮರಿಗಳು ಏದುಸಿರು ಬಿಟ್ಟು ಸಾಯುವುದು ಈ ರೋಗದ ಲಕ್ಷಣ. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಒಂದೇ ಲಸಿಕೆ ಎಲ್ಲ ತಳಿಗಳನ್ನೂ ತಡೆಯದು. 2020ರ ಜುಲೈನಿಂದ ಚೀನಾದಲ್ಲಿ ಬೆಳವಣಿಗೆಗಾಗಿ ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದು ನಿಂತಿದೆ. ನಾಟಿ ಗಿಡಮೂಲಿಕೆಗೆ ಮಾತ್ರ ವಿನಾಯಿತಿ. ಹಾಗಾಗಿ ಹುವಾಂಗ್ ಚಿನ್ ಎಂಬ ಚೀನೀ ಗಿಡಮೂಲಿಕೆಯ ಬೇರಿನಿಂದ ತೆಗೆಯುವ ಬೈಕಲಿನ್‌ ಮೇಲೆ ನಮ್ಮ ಕಣ್ಣು ಬಿತ್ತು.

ಮೂರು ಸಲ ತರಿಸಿದೆವು. ಕಂದು ಗಾಜಿನ ಬಾಟಲಿ, ಬಿಗಿ ಮುಚ್ಚಳ, ಒಳಗೆ ತಿಳಿಹಳದಿ ಪುಡಿ. ಶುದ್ಧತೆ ಶೇ 98 ಎಂಬ ಪ್ರಮಾಣಪತ್ರ ಪ್ರತಿ ಬಾಟಲಿಯ ಜೊತೆಗೂ ಬಂತು. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಡಿಎಂಎಸ್‌ಒ ಎಂಬ ದ್ರಾವಕ ಬೇಕೇ ಬೇಕು. ಅಷ್ಟರ ಮಟ್ಟಿಗೆ ಮಾರಾಟಗಾರರ ಮೇಲೆ ದೂರಿಲ್ಲ.

ದೂರು ಇರುವುದು ಜೊತೆಗಿದ್ದ ಕೈಪಿಡಿಯ ಮೇಲೆ. ಕೋಶಗಳು ಬದುಕಿವೆಯೇ ಎಂದು ತಿಳಿಯಲು ಎಂಟಿಟಿ ಎಂಬ ಹಳದಿ ರಾಸಾಯನಿಕ ಹಾಕುತ್ತೇವೆ. ಜೀವಂತ ಕೋಶಗಳು ಆ ಹಳದಿಯನ್ನು ನೇರಳೆಗೆ ತಿರುಗಿಸುತ್ತವೆ. ವೈರಾಣು ತಗುಲಿಸಿದ ಮಾರ್ಕ್-145 ಎಂಬ ಪ್ರಯೋಗಾಲಯದ ಕೋಶಗಳಿಗೆ ಬೈಕಲಿನ್ ಹೆಚ್ಚಿಸಿದಷ್ಟೂ ನೇರಳೆ ಗಾಢವಾಯಿತು. ಕೋಶಗಳು ಉಳಿದವೆಂದು ಎಲ್ಲರೂ ಹಿಗ್ಗಿದೆವು. ಮರುದಿನ ಅದೇ ಕೋಶ ಬೆಳೆಸುವ 96 ಪುಟ್ಟ ಕುಳಿಗಳ ತಟ್ಟೆಯ ಅಂಚಿನಲ್ಲಿ, ಕೋಶವೇ ಇಲ್ಲದ ನಾಲ್ಕು ಕುಳಿಗಳಿಗೂ ಬೈಕಲಿನ್ ಹಾಕಿದೆ. ಅವೂ ನೇರಳೆಯಾದವು! ಪುಡಿಯೇ ಎಂಟಿಟಿಯ ಬಣ್ಣ ಬದಲಿಸುತ್ತಿತ್ತು. ಇಷ್ಟು ಮುಖ್ಯವಾದ ಎಚ್ಚರಿಕೆ ಒಂದು ಸಾಲಿನಲ್ಲಾದರೂ ಇರಬೇಕಿತ್ತು. ಮೂರು ವಾರದ ದುಡಿಮೆ ಹೋಯಿತು ಎಂಬುದು ಈಗಲೂ ನೋಯಿಸುತ್ತದೆ.

ಈಗ ಎಂಟಿಟಿ ಹಾಕುವ ಮುನ್ನ ಕೋಶಗಳನ್ನು ಎರಡು ಬಾರಿ ತೊಳೆಯುತ್ತೇವೆ, ವೈರಾಣುವಿನ ಆರ್‌ಎನ್‌ಎಯನ್ನು ಪಿಸಿಆರ್‌ನಲ್ಲಿ ಬೇರೆಯಾಗಿಯೇ ಅಳೆಯುತ್ತೇವೆ. ನಮ್ಮ ತಟ್ಟೆಗಳಲ್ಲಿ ವೈರಾಣು ತಗ್ಗಿದ್ದು ನಿಜ. ಆದರೆ ಅದು ತಗ್ಗುವ ಪ್ರಮಾಣವೂ ಕೋಶಕ್ಕೆ ವಿಷವಾಗುವ ಪ್ರಮಾಣವೂ ತೀರ ಹತ್ತಿರ. ಮೇಲಾಗಿ ಇವು ಕೋತಿಯ ಮೂತ್ರಪಿಂಡದ ಕೋಶಗಳು. ಹಂದಿಯಲ್ಲಿ ಈ ವೈರಾಣು ಹೊಗುವುದು ಶ್ವಾಸಕೋಶದ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು. ಮೇವಿನಲ್ಲಿ ಕೊಟ್ಟ ಬೈಕಲಿನ್ ಹಾಗೆಯೇ ರಕ್ತ ಸೇರುವುದೂ ಕಷ್ಟ, ಕರುಳಿನ ಬ್ಯಾಕ್ಟೀರಿಯಾಗಳು ಮೊದಲು ಅದನ್ನು ಒಡೆಯಬೇಕು.

ಪ್ರಯೋಗಾಲಯಕ್ಕಾದರೆ ಧೈರ್ಯವಾಗಿ ತರಿಸಿ, ಖಾಲಿ ಕುಳಿಗಳನ್ನು ಮರೆಯದೆ ಇಡಿ. ಕೊಡಗಿನಲ್ಲಿ ಹಂದಿ ಸಾಕುವ ನನ್ನ ಭಾವ, "ಒಂದು ಕಿಲೋ ಕಳುಹಿಸು, ಮರಿಗಳಿಗೆ ಹಾಕುತ್ತೇನೆ" ಎಂದು ಕೇಳಿದರು. ನಾನು ಕಳುಹಿಸಲಿಲ್ಲ. ಹೊಸದಾಗಿ ತಂದ ಹಂದಿಗಳನ್ನು ಕೆಲವು ವಾರ ಬೇರೆ ಕೊಟ್ಟಿಗೆಯಲ್ಲಿ ಇಡಿ ಭಾವ, ಎಂದೆ.