ನಡೆದರೆ ಕಾಲು ನೋವು ಎಂದು ಮೊಣಕಾಲ ಕೆಳಗೆ ಸ್ಟೆಂಟ್ ಹಾಕಿಸುವ ಮುಂಚೆ

ಮನೆಯಲ್ಲಿ ಶುಗರ್ ಇರುವವರು, ಬೀಡಿ ಸಿಗರೇಟು ಸೇದುವವರು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಇಷ್ಟೇ ತೊಂದರೆಗೆ ಮೊಣಕಾಲಿನ ಕೆಳಗಿನ ರಕ್ತನಾಳಕ್ಕೆ ಸ್ಟೆಂಟ್ (ಮುಚ್ಚಿದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕೋಣ ಎಂದರೆ, ಒಪ್ಪುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ.

ನನ್ನ ಸೋದರಮಾವನ ಪಾದದಲ್ಲಿ ಗಾಯ ಇರಲಿಲ್ಲ. ಮಲಗಿದಾಗ ನೋವಿರಲಿಲ್ಲ. ತೋಟಕ್ಕೆ ಹೋಗುವಾಗ ನಡುವೆ ನಿಲ್ಲಬೇಕಿತ್ತು, ಅಷ್ಟೆ. ಆಸ್ಪತ್ರೆಯಲ್ಲಿ "ಸುಮ್ನೆ ಒಂದು ಆಂಜಿಯೋಗ್ರಾಮ್ ಮಾಡಿ ನೋಡೋಣ" ಎಂದರು. ಮಾವ ಇನ್ನೂ ಟೇಬಲ್ ಮೇಲೆ ಮಲಗಿರುವಾಗಲೇ ಅತ್ತೆಯನ್ನು ಕರೆದು ಪರದೆಯಲ್ಲಿ ಬ್ಲಾಕ್ ತೋರಿಸಿದರು. "ಈಗಲೇ ಸ್ಟೆಂಟ್ ಹಾಕದಿದ್ದರೆ ಮುಂದೆ ಕಾಲು ತೆಗೆಯಬೇಕಾಗುತ್ತೆ, ಸೈನ್ ಮಾಡಿ ಅಮ್ಮ" ಎಂದರು. ಅಂಥ ಹೊತ್ತಿನಲ್ಲಿ ಬೇಡ ಅನ್ನುವ ಧೈರ್ಯ ಯಾರಿಗೆ ಬರುತ್ತದೆ? ಹಾಗೆ ಕೇಳಿದ್ದೇ ಅನ್ಯಾಯ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಕೆಲವು ತಿಂಗಳು ಚೆನ್ನಾಗಿಯೇ ಓಡಾಡಿದರು. ಆಮೇಲೆ ಸ್ಟೆಂಟ್ ಒಳಗೇ ಮುಚ್ಚಿಕೊಂಡಿತು. ಈ ಸಲದ ನೋವು ಬೇರೆಯೇ. ಪಾದ ತಣ್ಣಗೆ, ಬೆರಳು ನೀಲಿ. ರಾತ್ರಿಯೆಲ್ಲ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂರುತ್ತಿದ್ದರು. ನಾಳದೊಳಗೆ ಸಣ್ಣ ಬಲೂನ್ ಉಬ್ಬಿಸಿ ಮತ್ತೆ ತೆರೆದರೂ ನಿಲ್ಲಲಿಲ್ಲ. ಕೊನೆಗೆ ಬೇರೆ ಊರಿನ ವ್ಯಾಸ್ಕುಲರ್ ಸರ್ಜನ್ (ರಕ್ತನಾಳಗಳ ಆಪರೇಷನ್ ಮಾಡುವ ಡಾಕ್ಟರ್) ಒಬ್ಬರು ಅವರ ಕಾಲಿನದೇ ರಕ್ತನಾಳ ತೆಗೆದು ಬೈಪಾಸ್ ಮಾಡಿದರು. ಕಾಲು ಉಳಿಯಿತು, ಎರಡು ಬೆರಳು ಹೋದವು.

ಮೊಣಕಾಲ ಕೆಳಗಿನ ಮೂರು ಮುಖ್ಯ ನಾಳಗಳೂ ಬರೀ 2ರಿಂದ 4 ಮಿಲಿಮೀಟರ್ ಅಗಲ. ಅಲ್ಲಿ ಬ್ಲಾಕ್ ಸಾಮಾನ್ಯವಾಗಿ ಉದ್ದಕ್ಕೆ ಹರಡಿರುತ್ತದೆ, ಶುಗರ್ ಇರುವವರಲ್ಲಿ ನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿರುತ್ತದೆ. ಅಷ್ಟು ಸಣ್ಣ ನಾಳದಲ್ಲಿ ಸ್ಟೆಂಟ್ ಮತ್ತೆ ಮುಚ್ಚಿಕೊಳ್ಳುವುದು ಜಾಸ್ತಿ. ಅದಕ್ಕೇ ಇಲ್ಲಿ ಸಾಮಾನ್ಯವಾಗಿ ಮೊದಲು ಬಲೂನ್. ಅದರಿಂದ ಗೋಡೆ ಸೀಳಿದರೆ, ಅಥವಾ ನಾಳ ತೆರೆದು ನಿಲ್ಲದಿದ್ದರೆ, ಚಿಕ್ಕ ಜಾಗಕ್ಕೆ ಔಷಧಿ ಲೇಪಿಸಿದ ಸ್ಟೆಂಟ್ ಹಾಕುತ್ತಾರೆ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಏಪ್ರಿಲ್‌ನಲ್ಲಿ ಒಪ್ಪಿದ ಕರಗುವ ಸ್ಟೆಂಟ್ 'ಎಸ್ಪ್ರಿಟ್' ಕೂಡ ಕಾಲಿಗೇ ಅಪಾಯ ಬಂದಿರುವವರಿಗೆ ಮಾತ್ರ. ನಡೆದಾಗ ಬರುವ ನೋವಿಗಲ್ಲ.

ಮಾವನಿಗೆ ಮೊದಲು ಸಿಗಬೇಕಾಗಿದ್ದ ಚಿಕಿತ್ಸೆ ತೀರಾ ಸರಳ. ಬೀಡಿ ಪೂರ್ತಿ ಬಿಡಬೇಕು. ಶುಗರ್, ಬಿಪಿ ಹತೋಟಿಗೆ ಬರಬೇಕು. ಕೊಲೆಸ್ಟ್ರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಬೇಕು. ಜೊತೆಗೆ ನಡಿಗೆ: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು. ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ 3 ಸಲ, ಕನಿಷ್ಠ 3 ತಿಂಗಳು. ಎಷ್ಟೋ ಜನರಿಗೆ ಇದರಿಂದಲೇ ನಡೆಯುವ ದೂರ ಹೆಚ್ಚುತ್ತದೆ.

ಪಾದದ ಹತ್ತಿರದ ಬಿಪಿಯನ್ನು ತೋಳಿನ ಬಿಪಿಯೊಂದಿಗೆ ಹೋಲಿಸುವ ಎಬಿಐ ಪರೀಕ್ಷೆ ಇದೆ. ಸೂಜಿ ಚುಚ್ಚುವುದಿಲ್ಲ. 0.9ಕ್ಕಿಂತ ಕಡಿಮೆ ಬಂದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದರ್ಥ. ಆದರೆ ಶುಗರ್ ಇರುವವರಲ್ಲಿ ನಾಳ ಗಟ್ಟಿಯಾಗಿ ಅಂಕಿ ಸುಳ್ಳೇ ಚೆನ್ನಾಗಿ ಬರಬಹುದು. ಅವರಿಗೆ ಕಾಲ್ಬೆರಳಿನ ಪ್ರೆಷರ್ ನೋಡಬೇಕು.

ಇದನ್ನು ಓದಿ ಯಾರೂ ಚಿಕಿತ್ಸೆ ಮುಂದೂಡಬೇಡಿ. ವಾಸಿಯಾಗದ ಗಾಯ, ಕಪ್ಪಾದ ಬೆರಳು, ಮಲಗಿದರೂ ಬಿಡದ ನೋವು ಇದ್ದರೆ ಬಲೂನ್, ಸ್ಟೆಂಟ್ ಅಥವಾ ಬೈಪಾಸ್ ಕಾಲನ್ನು ಉಳಿಸಬಹುದು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಆ ಕ್ಷಣವೇ ಹೊರಡಿ, ಗಂಟೆಗಳ ಲೆಕ್ಕ ಅದು. ಈಗಾಗಲೇ ಸ್ಟೆಂಟ್ ಇರುವವರು ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಬರೀ ನಡೆದಾಗ ನೋವು ಅಂತಾದರೆ, ಆಂಜಿಯೋಗ್ರಾಮ್‌ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ "ಇವತ್ತು ನೋಡುವುದು ಮಾತ್ರ, ಸ್ಟೆಂಟ್ ವಿಷಯ ಆಮೇಲೆ ಮಾತಾಡೋಣ" ಎಂದು ಅದರಲ್ಲೇ ಬರೆಸಿ. ಸಿಡಿ ಕೇಳಿ ತೆಗೆದುಕೊಂಡು ವ್ಯಾಸ್ಕುಲರ್ ಸರ್ಜನ್‌ಗೆ ತೋರಿಸಿ.